ಟ್ಯೂಬಿಂಗೆನ್‌ನ ಮಧ್ಯಾಹ್ನಗಳು

ಬುಧವಾರ

ವಿಶ್ವವಿದ್ಯಾಲಯದ ಊರನ್ನು ನೋಡಬೇಕಾದರೆ ಮಧ್ಯಾಹ್ನ ಹನ್ನೆರಡರಿಂದ ಎರಡರ ನಡುವೆ ನೋಡಬೇಕು ಎಂಬುದು ನನ್ನ ಹಳೆಯ ಅಭಿಪ್ರಾಯ. ಬೆಳಿಗ್ಗೆ ಎಲ್ಲರೂ ತರಗತಿಯಲ್ಲಿರುತ್ತಾರೆ, ಸಂಜೆ ಕೋಣೆ ಸೇರಿರುತ್ತಾರೆ. ಹಸಿವಾದಾಗಲೇ ಮೂಲೆಮೂಲೆಯಿಂದ ಹೊರಬರುವುದು. ಯಾರು ಯಾರ ಜೊತೆ ಕೂರುತ್ತಾರೆ, ಎಷ್ಟು ದುಡ್ಡು ಬಿಚ್ಚುತ್ತಾರೆ, ಯಾವ ವಿಷಯಕ್ಕೆ ಜಗಳವಾಡುತ್ತಾರೆ ಎಂಬುದೆಲ್ಲ ಆಗ ಬಯಲಾಗುತ್ತದೆ. ಮಂಗಳೂರಿನ ಬಲ್ಮಠದ ಆಸುಪಾಸಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದ ನನಗೆ ಕ್ಯಾಂಟೀನಿನ ಗದ್ದಲದ ಮೇಲಿನ ಆಸೆ ಇನ್ನೂ ತೀರಿಲ್ಲ.

ಜರ್ಮನಿಯ ಟ್ಯೂಬಿಂಗೆನ್‌ಗೆ ಹೊರಡಲು ಎರಡು ನೆಪಗಳಿದ್ದವು. ಅಕ್ಕನ ಮಗಳು ಅಲ್ಲಿ ನರವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದಾಳೆ. ಇನ್ನೊಂದು ನೆಪ ಫರ್ಡಿನಾಂಡ್ ಕಿಟೆಲ್. ಎಪ್ಪತ್ತು ಸಾವಿರದಷ್ಟು ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರತಂದ ಆ ಮನುಷ್ಯ ಕೊನೆಯ ವರ್ಷಗಳನ್ನು ಕಳೆದದ್ದು ಈ ಊರಿನಲ್ಲಿ. ಕಣ್ಣು ಮುಚ್ಚಿದ್ದೂ ಇಲ್ಲಿಯೇ, 1903ರ ಡಿಸೆಂಬರಿನಲ್ಲಿ.

ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ನೆಕ್ಕರ್ ನದಿ ಕಿಟಕಿಯಾಚೆ ಬಂದು ಹೋಗಿ ಮಾಡುತ್ತದೆ. ಟ್ಯೂಬಿಂಗೆನ್‌ನಲ್ಲಿ ತೊಂಬತ್ತು ಸಾವಿರದಷ್ಟು ಜನರಿದ್ದಾರೆ. ವಿದ್ಯಾರ್ಥಿಗಳೇ ಇಪ್ಪತ್ತೇಳು-ಇಪ್ಪತ್ತೆಂಟು ಸಾವಿರ. ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ, ಗಡ್ಡದಿಂದಲೇ ಹೆಸರಾದ ಕೌಂಟ್ ಎಬರ್‌ಹಾರ್ಡ್‌ನ ಕಾಲದಲ್ಲಿ. ಎರಡನೇ ಮಹಾಯುದ್ಧದ ಬಾಂಬುಗಳಿಂದ ಹಳೆಯ ಪೇಟೆ ಬಹುಮಟ್ಟಿಗೆ ಪಾರಾಗಿದ್ದರಿಂದ ಮರದ ಚೌಕಟ್ಟಿನ ಓರೆಕೋರೆ ಮನೆಗಳು, ಕಲ್ಲು ಹಾಸಿದ ಏರಿಳಿತದ ಓಣಿಗಳು ಹಾಗೆಯೇ ಉಳಿದಿವೆ. ಈ ಓಣಿಗಳಲ್ಲಿ ಚಕ್ರದ ಪೆಟ್ಟಿಗೆ ಎಳೆಯುವವರ ಸದ್ದು ಮೂರು ಬೀದಿ ದಾಟಿ ಕೇಳಿಸುತ್ತದೆ.

“ಚಿಕ್ಕಮ್ಮ, ನಾಳೆ ಹಬ್ಬದ ರಜೆ. ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಈಗಲೇ ಎಲ್ಲ ತಂದಿಡಬೇಕು,” ಎಂದಳು ಹುಡುಗಿ. ಬಂದವಳು ಕಾಲು ಚಾಚುವ ಮೊದಲೇ ಸೂಪರ್‌ಮಾರ್ಕೆಟ್ಟಿಗೆ ಹೊರಡಿಸಿದಳು. ಆಲೂಗಡ್ಡೆ, ಬೆಣ್ಣೆ, ಸ್ಟ್ರಾಬೆರಿ, ಮೊಸರು. ರಾತ್ರಿಯ ಊಟಕ್ಕೆ ನಾನು ತಂದಿದ್ದ ಮಾವಿನ ಮಿಡಿ ಉಪ್ಪಿನಕಾಯಿಯೊಂದೇ ಸಾಕಾಯಿತು, ಅವಳಿಗೆ ಅನ್ನ ಕೂಡ ನೆಪಮಾತ್ರ.

ಗುರುವಾರ

ಜೂನ್ ತಿಂಗಳ ಈ ಗುರುವಾರ ಕ್ಯಾಥೊಲಿಕರ ಕೊರ್ಪುಸ್ ಕ್ರಿಸ್ಟಿ ಹಬ್ಬ. ಮಂಗಳೂರಿನವಳಾದ ನನಗೆ ಹಬ್ಬದ ಹೆಸರು ಹೊಸದಲ್ಲ, ಆದರೆ ಇಲ್ಲಿ ಊರಿಗೆ ಊರೇ ನದಿಗೆ ಹೋಗುವುದಕ್ಕೂ ಧರ್ಮಕ್ಕೂ ಸಂಬಂಧವಿಲ್ಲ. ಟ್ಯೂಬಿಂಗೆನ್ ಹೇಳಿಕೇಳಿ ಪ್ರಾಟೆಸ್ಟೆಂಟರ ಊರು. ರಜೆ ಸಿಕ್ಕಿತಲ್ಲ ಎಂದು ವಿದ್ಯಾರ್ಥಿಗಳು ಅದನ್ನು ದೋಣಿ ಸ್ಪರ್ಧೆಗೆ ಇಟ್ಟುಕೊಂಡಿದ್ದಾರೆ. 1956ರಿಂದ ನಡೆದುಬಂದಿರುವ ಪದ್ಧತಿ.

ಹನ್ನೊಂದೂವರೆಗೆ ಹೋದರೂ ನೆಕ್ಕರ್ ದಂಡೆಯ ಗೋಡೆಯ ಮೇಲೆ ಜಾಗವಿರಲಿಲ್ಲ. ಹಳದಿ, ಗುಲಾಬಿ, ತಿಳಿನೀಲಿ ಬಣ್ಣದ ಮನೆಗಳ ಸಾಲಿನ ಕೆಳಗೆ, ನದಿಗೆ ಅಂಟಿಕೊಂಡಂತೆ ಒಂದು ಉದ್ದನೆಯ ಗೋಡೆಯಿದೆ. ಬಿಸಿಲು ಬಿದ್ದ ದಿನ ವಿದ್ಯಾರ್ಥಿಗಳೆಲ್ಲ ಕಾಲು ಇಳಿಬಿಟ್ಟುಕೊಂಡು ಕೂರುವುದು ಅದರ ಮೇಲೆ. ಕೆಳಗೆ ಬಿದ್ದರೆ ನೇರ ನೀರಿಗೆ. ಯಾರೂ ಬೀಳುವಂತೆ ಕಾಣಲಿಲ್ಲ. ಅಕ್ಕನ ಮಗಳ ಗೆಳೆಯ ಗೆಳತಿಯರು ಮೊದಲೇ ಬಂದು ಟವೆಲು ಹಾಸಿ ಜಾಗ ಹಿಡಿದಿದ್ದರು. ಒಬ್ಬ ಧಾರವಾಡದವನು, ಯಂತ್ರಕಲಿಕೆ (ಮಷೀನ್ ಲರ್ನಿಂಗ್) ಓದುತ್ತಿರುವವನು. ಒಬ್ಬಳು ಕೇರಳದ ತಲಶ್ಶೇರಿಯವಳು. ಇನ್ನೊಬ್ಬಳು ಇದೇ ಸ್ವಾಬಿಯ ಸೀಮೆಯ ಹಳ್ಳಿಯವಳು, ದೇವತಾಶಾಸ್ತ್ರದ ವಿದ್ಯಾರ್ಥಿನಿ. ನಮ್ಮ ಹುಡುಗಿ ಇರುವ ವಸತಿಗೃಹದ ಪಕ್ಕದ ಕೋಣೆಯವಳು.

“ಬರ್ರಿ ಕಾಕೂ, ಇಲ್ಲಿ ಕುಳಿತುಕೊಳ್ಳಿ,” ಎಂದು ಧಾರವಾಡದ ಹುಡುಗ ನೆರಳಿನ ಜಾಗ ಬಿಟ್ಟುಕೊಟ್ಟ.

ಊಟವೆಂದರೆ ಬೆಣ್ಣೆ ಸವರಿದ ಬ್ರೆಟ್ಸೆಲ್ ಎಂಬ ಗಂಟು ಹಾಕಿದಂಥ ಬ್ರೆಡ್ಡು, ಆಲೂಗಡ್ಡೆ ಸಲಾಡು, ಸ್ಟ್ರಾಬೆರಿ. ಸ್ವಾಬಿಯದ ಬ್ರೆಟ್ಸೆಲ್ ಎಂದರೆ ತೋಳುಗಳು ಕಡ್ಡಿಯಂತೆ ತೆಳು ಮತ್ತು ಗರಿಗರಿ, ಹೊಟ್ಟೆ ಮಾತ್ರ ದಪ್ಪ ಮತ್ತು ಮೆತ್ತಗೆ. ಆ ಹೊಟ್ಟೆಯನ್ನು ಸೀಳಿ ಬೆಣ್ಣೆ ತುಂಬುತ್ತಾರೆ. ತೋಳು ಮೊದಲು ತಿನ್ನಬೇಕೋ ಹೊಟ್ಟೆಯೋ ಎಂಬುದರ ಬಗ್ಗೆ ಇಲ್ಲಿ ಪಂಗಡಗಳಿರುವಂತಿದೆ. ಆಲೂಗಡ್ಡೆ ಸಲಾಡು ಮಾತ್ರ ನನಗೆ ಹೊಸ ಪಾಠ. ಜರ್ಮನಿಯ ಬೇರೆ ಕಡೆಗಳಲ್ಲಿ ಅದಕ್ಕೆ ಮೇಯೊನೇಸ್ ಸುರಿಯುತ್ತಾರೆ. ಸ್ವಾಬಿಯದಲ್ಲಿ ಬಿಸಿ ಆಲೂಗಡ್ಡೆಯನ್ನು ತೆಳ್ಳಗೆ ಹೆಚ್ಚಿ ಬಿಸಿ ಸಾರು, ವಿನೆಗರ್, ಎಣ್ಣೆ, ಈರುಳ್ಳಿ ಹಾಕಿ ಕಲಸುತ್ತಾರೆ. ಹೋಳು ಸಾರನ್ನು ಕುಡಿದು ತೇವವಾಗಿ ಹೊಳೆಯಬೇಕು. ಸಸ್ಯಾಹಾರಿಗಳು ಎಚ್ಚರವಾಗಿರಬೇಕಾದ್ದು ಇಲ್ಲಿಯೇ: ಆ ಸಾರು ಸಾಮಾನ್ಯವಾಗಿ ಮಾಂಸದ್ದು. ಹಳ್ಳಿಯ ಹುಡುಗಿ ನಮಗಾಗಿ ತರಕಾರಿ ಸಾರಿನಲ್ಲಿ ಮಾಡಿ ತಂದಿದ್ದಳು, ಅಜ್ಜಿಗೆ ಗೊತ್ತಾದರೆ ಬೈಯುತ್ತಾಳೆ ಎಂಬ ಷರಾ ಸಮೇತ.

ಸ್ಪರ್ಧೆ ಮಧ್ಯಾಹ್ನ ಎರಡಕ್ಕೆ. ಇಲ್ಲಿಯ ದೋಣಿ ಚಪ್ಪಟೆ ತಳದ್ದು, ಉದ್ದನೆಯದು. ಹಿಂದೆ ನಿಂತವನು ಸುಮಾರು ಏಳು ಮೀಟರಿನ ಗಳವನ್ನು ನದಿಯ ತಳಕ್ಕೆ ಊರಿ ತಳ್ಳುತ್ತಾನೆ. ನಮ್ಮ ಕರಾವಳಿಯ ಹೊಳೆಗಳಲ್ಲಿ ದೋಣಿ ನಡೆಸುವವರು ಇವರನ್ನು ನೋಡಿದ್ದರೆ ಮರ್ಯಾದೆಗೆ ನಗು ತಡೆದುಕೊಳ್ಳುತ್ತಿದ್ದರು. ಹತ್ತಾರು ದೋಣಿಗಳು ವೇಷ ಕಟ್ಟಿಕೊಂಡು ಮೆರವಣಿಗೆ ಬಂದು, ನಂತರ ಎಲ್ಲವೂ ಒಟ್ಟಿಗೆ ಹೊರಟು, ನದಿಯ ನಡುವಿನ ದ್ವೀಪವನ್ನು ಸುತ್ತಿ ಸೇತುವೆಯ ಕಂಬದ ಬಳಿಯ ಇಕ್ಕಟ್ಟಿನಲ್ಲಿ ನುಗ್ಗಬೇಕು. ಅಲ್ಲಿ ಎಲ್ಲ ದೋಣಿಗಳೂ ಸಿಕ್ಕಿಹಾಕಿಕೊಂಡು, ಕೂಗಾಟ, ನೀರೆರಚಾಟ, ಗಳಕ್ಕೆ ಗಳ ತಾಕಿ ಒಬ್ಬರಿಬ್ಬರು ನೀರಿಗೆ. ಗೆದ್ದವರು ಯಾರೆಂದು ನಾನು ಗಮನಿಸಲೇ ಇಲ್ಲ, ಸುತ್ತಲಿನವರೂ ಅಷ್ಟೇ. ಎಲ್ಲರ ಕಣ್ಣು ಕೊನೆಗೆ ಬಂದವರ ಮೇಲೆ. ಸೋತ ತಂಡದ ಪ್ರತಿಯೊಬ್ಬರೂ ಅರ್ಧ ಲೀಟರ್ ಕಾಡ್ ಮೀನಿನ ಎಣ್ಣೆ ಕುಡಿಯಬೇಕು, ಅದೂ ಎಲ್ಲರೆದುರಿಗೆ. ಮುಂದಿನ ವರ್ಷದ ಸ್ಪರ್ಧೆ ನಡೆಸುವ ಹೊಣೆಯೂ ಅವರದೇ. ಶಿಕ್ಷೆ ನೋಡಿದ ಮೇಲೆ ಉಳಿದ ಸ್ಟ್ರಾಬೆರಿಗೆ ಯಾರೂ ಕೈ ಹಾಕಲಿಲ್ಲ.

ನಾವು ಕುಳಿತಿದ್ದ ಜಾಗಕ್ಕೆ ಹತ್ತಿರದಲ್ಲಿಯೇ ಹಳದಿ ಗೋಪುರವೊಂದಿದೆ. ಕವಿ ಹೆಲ್ಡರ್‌ಲಿನ್ 1807ರಿಂದ 1843ರಲ್ಲಿ ಸಾಯುವವರೆಗೆ ಅಲ್ಲಿದ್ದ. ಮನಸ್ಸಿನ ಸ್ತಿಮಿತ ಕಳೆದುಕೊಂಡಿದ್ದ ಅವನನ್ನು ಆಸ್ಪತ್ರೆಯವರು ಗುಣವಾಗದೆಂದು ಕೈಬಿಟ್ಟಾಗ, ಅವನ ಬರಹ ಓದಿ ಮೆಚ್ಚಿದ್ದ ಎರ್ನ್‌ಸ್ಟ್ ಜಿಮ್ಮರ್ ಎಂಬ ಬಡಗಿ ಮನೆಗೆ ಕರೆದೊಯ್ದ. ಜಿಮ್ಮರ್ ತೀರಿಕೊಂಡ ಮೇಲೆ ಅವನ ಮಗಳು ಲೊಟ್ಟೆ ನೋಡಿಕೊಂಡಳು. ಮೂವತ್ತಾರು ವರ್ಷ ಒಬ್ಬ ಕವಿಗೆ ಊಟ ಹಾಕಿದ ಮನೆಯದು. ಸ್ಮಾರಕಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಅಭ್ಯಾಸ ನನಗಿಲ್ಲ, ಇಲ್ಲಿ ತೆಗೆಸಿಕೊಂಡೆ.

ಶುಕ್ರವಾರ

ಬೆಳಿಗ್ಗೆ ಪೇಟೆ ಚೌಕದಲ್ಲಿ ಸಂತೆ. ಪುರಭವನ 1435ರದ್ದು, ಅದರ ಮುಖದ ಮೇಲಿನ ಖಗೋಳ ಗಡಿಯಾರವನ್ನು 1511ರಲ್ಲಿ ಇಲ್ಲಿನ ಗಣಿತದ ಪ್ರಾಧ್ಯಾಪಕ ಯೊಹಾನ್ನೆಸ್ ಸ್ಟೆಫ್ಲರ್ ರೂಪಿಸಿದ. ಗಡಿಯಾರದ ಕೆಳಗೆ ಬಿಳಿ ಶತಾವರಿಯ (ಆಸ್ಪರಾಗಸ್ ತರಕಾರಿಯ) ಕಟ್ಟುಗಳು. ಜೂನ್ 24 ದಾಟಿದರೆ ರೈತರು ಅದನ್ನು ಕೊಯ್ಯುವುದಿಲ್ಲ, ಗಿಡಕ್ಕೆ ಬಿಡುವು. ಹಾಗಾಗಿ ಕೊಳ್ಳುವವರ ಮುಖದಲ್ಲಿ ಅವಸರ ಕಾಣುತ್ತಿತ್ತು. ನಾನು ಎರಡು ಹಿಡಿ ಮೂಲಂಗಿ ಕೊಂಡೆ, ಭಾನುವಾರದ ಯೋಜನೆಗೆ.

ಹನ್ನೆರಡೂಕಾಲಿಗೆ ಹಳೆಯ ಪೇಟೆಯ ಹಾಫೆನ್ ಓಣಿಯ ಮೆನ್ಸಾ. ಜರ್ಮನಿಯಲ್ಲಿ ವಿದ್ಯಾರ್ಥಿಗಳ ಭೋಜನಶಾಲೆಗೆ ಎಲ್ಲೆಡೆ ಇದೇ ಹೆಸರು. ನಡೆಸುವುದು ವಿಶ್ವವಿದ್ಯಾಲಯವಲ್ಲ, ವಿದ್ಯಾರ್ಥಿ ಕಲ್ಯಾಣ ಸಂಸ್ಥೆ. ವಸತಿಗೃಹಗಳೂ ಅದರ ಕೈಯಲ್ಲೇ. ಬೆಲೆ ಮೂರು ಬಗೆ: ವಿದ್ಯಾರ್ಥಿಗೊಂದು, ನೌಕರರಿಗೊಂದು, ನನ್ನಂಥ ಅತಿಥಿಗೊಂದು. ವಿದ್ಯಾರ್ಥಿಯ ದರ ಹೊರಗಿನ ಹೋಟೆಲಿನ ಅರ್ಧಕ್ಕಿಂತ ಕಡಿಮೆ. ಕಾರ್ಡು ತೋರಿಸಿದರೆ ಹಣ ಕಳೆಯುತ್ತದೆ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ನನಗೆ ಬಹಳ ವರ್ಷಗಳ ನಂತರ ಯಾರೋ “ಮುಂದೆ ಹೋಗಿ” ಎಂದು ಬೆನ್ನ ಹಿಂದಿನಿಂದ ಹೇಳಿದರು. ಜರ್ಮನ್ ಬಾರದಿದ್ದರೂ ಆ ದನಿ ತಿಳಿಯಿತು.

ಅಂದು ಅವರೆಕಾಳಿನಷ್ಟೇ ನನಗೆ ಪ್ರಿಯವಾದ ವಸ್ತುವೊಂದು ಸಿಕ್ಕಿತು: ಮಸೂರ. ಸ್ವಾಬಿಯದವರ ಅಚ್ಚುಮೆಚ್ಚಿನ ಊಟವೇ ಇಡಿ ಮಸೂರದ ಗಟ್ಟಿ ಪಲ್ಯದಂಥದ್ದು, ಜೊತೆಗೆ ಸ್ಪೆಟ್ಸ್ಲೆ ಎಂಬ ಮೊಟ್ಟೆ ಹಾಕಿದ ಹಿಟ್ಟಿನ ತುಂಡು ಶಾವಿಗೆ, ಮೇಲೊಂದು ಜೋಡಿ ಸಾಸೇಜು. ಸಾಸೇಜು ಬೇಡವೆಂದರೆ ಬಿಡುತ್ತಾರೆ. ಮೊಟ್ಟೆಯ ವಿಷಯದಲ್ಲಿ ನಾನು ಪರದೇಶದಲ್ಲಿ ಕಣ್ಣು ಮುಚ್ಚುತ್ತೇನೆ. ಮೇಜಿನ ಮೇಲೆ ವಿನೆಗರ್ ಸೀಸೆ. ತಿನ್ನುವಾಗ ಮಸೂರಕ್ಕೆ ಹುಳಿ ಬೀಳಬೇಕು. ಇದರಲ್ಲಿ ಇವರೂ ನಾವೂ ಒಂದೇ ಮತದವರು. ಒಗ್ಗರಣೆ ಇಲ್ಲದಿರುವುದೇ ಕೊರತೆ. ಧಾರವಾಡದ ಹುಡುಗ ಜೇಬಿನಿಂದ ಚಿಕ್ಕ ಪೊಟ್ಟಣ ತೆಗೆದು ನನ್ನ ತಟ್ಟೆಯ ಅಂಚಿಗೆ ಶೇಂಗಾ ಚಟ್ನಿಪುಡಿ ಹಾಕಿದ. ಹಳ್ಳಿಯ ಹುಡುಗಿಯೂ ಕೈ ಚಾಚಿದಳು. ಅಭ್ಯಾಸವಾಗಿದೆ ಅವಳಿಗೆ.

ಮಸೂರದ ಕಥೆಯನ್ನು ಅವಳೇ ಹೇಳಿದಳು. ಸ್ವಾಬಿಯ ಬೆಟ್ಟಸಾಲಿನ ಕಲ್ಲುನೆಲದಲ್ಲಿ ಹಿಂದೆ ಮಸೂರ ಬೆಳೆಯುತ್ತಿದ್ದರು. ಕಟಾವಿನ ಕಷ್ಟಕ್ಕೂ ಅಗ್ಗದ ಆಮದಿಗೂ ಸೋತು ಕಳೆದ ಶತಮಾನದ ನಡುವಿನ ಹೊತ್ತಿಗೆ ಬೆಳೆ ನಿಂತುಹೋಯಿತು, ಸ್ಥಳೀಯ ತಳಿಗಳ ಬೀಜವೂ ಕಾಣೆಯಾಯಿತು. ಊಟ ಮಾತ್ರ ಮುಂದುವರಿಯಿತು, ಹೊರದೇಶದ ಕಾಳಿನಲ್ಲಿ. 2006ರಲ್ಲಿ ಆ ಹಳೆಯ ಬೀಜ ಪತ್ತೆಯಾದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ವವಿಲೋವ್ ಸಂಸ್ಥೆಯ ಬೀಜಭಂಡಾರದಲ್ಲಿ. ಹಿಡಿಯಷ್ಟು ಕಾಳಿನಿಂದ ರೈತರು ಮತ್ತೆ ಬೆಳೆಸಿದರು. ಈಗ ಅಂಗಡಿಗಳಲ್ಲಿ ಸ್ಥಳೀಯ ಮಸೂರ ಸಿಗುತ್ತದೆ, ಬೆಲೆ ಹೆಚ್ಚು. ಮೆನ್ಸಾದ ತಟ್ಟೆಯಲ್ಲಿದ್ದದ್ದು ಅದೇ ಕಾಳೇ ಎಂದು ಕೇಳಿದೆ. “ಈ ಬೆಲೆಗೆ?” ಎಂದು ನಕ್ಕಳು.

ತಟ್ಟೆಗಳನ್ನು ಚಲಿಸುವ ಪಟ್ಟಿಯ ಮೇಲಿಟ್ಟು ಹೊರಬರಲು ನಲವತ್ತು ನಿಮಿಷವೂ ಬೇಕಾಗಲಿಲ್ಲ. ಊಟ ಮುಗಿದರೂ ಹರಟೆ ಹೊಡೆಯುತ್ತ ಕೂರುವವರಿಲ್ಲ, ಖಾಲಿ ಕುರ್ಚಿ ಹುಡುಕುವ ಕಣ್ಣುಗಳು ಎಬ್ಬಿಸುತ್ತವೆ. ಇಷ್ಟು ಚುರುಕಾದ ಭೋಜನಶಾಲೆ ನನಗೆ ಪೂರ್ತಿ ಒಗ್ಗಲಿಲ್ಲ ಎಂದು ಹೇಳಿಬಿಡುತ್ತೇನೆ. ಹರಟೆಯೆಲ್ಲ ಹೊರಗೆ, ಮೆಟ್ಟಿಲುಗಳ ಮೇಲೆ, ಗೋಡೆಯ ಮೇಲೆ ನಡೆಯುತ್ತದೆ.

ಅಲ್ಲಿಂದ ಇಳಿದು ಹೋದರೆ ಬುರ್ಸೆ. ವಿಶ್ವವಿದ್ಯಾಲಯ ಶುರುವಾದ ಬೆನ್ನಿಗೇ ಕಟ್ಟಿದ್ದು. ಆಗ ವಿದ್ಯಾರ್ಥಿಗಳು ಇಲ್ಲಿ ಒಟ್ಟಿಗಿದ್ದು, ಒಟ್ಟಿಗೆ ಉಂಡು ಪಾಠ ಕೇಳುತ್ತಿದ್ದರು. ಹೆಲ್ಡರ್‌ಲಿನ್‌ನನ್ನು ಕೈಬಿಟ್ಟ ಆಸ್ಪತ್ರೆಯಿದ್ದದ್ದೂ ಇದರಲ್ಲೇ. ಈಗ ತತ್ವಶಾಸ್ತ್ರ ವಿಭಾಗ. ಮುಂದೆ ಸ್ಟಿಫ್ಟ್, 1536ರಲ್ಲಿ ಆರಂಭವಾದ ಪ್ರಾಟೆಸ್ಟೆಂಟ್ ಧರ್ಮಶಿಕ್ಷಣದ ನಿಲಯ. ಪರೀಕ್ಷೆಯಲ್ಲಿ ಆಯ್ಕೆಯಾದ ಹುಡುಗರಿಗೆ ಹಿಂದೆ ಇಲ್ಲಿ ಊಟ ವಸತಿ ಪುಕ್ಕಟೆಯಿತ್ತು, ಓದು ಮುಗಿಸಿ ಪಾದ್ರಿಯಾಗಬೇಕಿತ್ತು. ನಮ್ಮಲ್ಲಿ ವಾರಾನ್ನ ಉಂಡು ಓದಿದವರ ತಲೆಮಾರೊಂದು ಇತ್ತಲ್ಲ, ಹಾಗೆಯೇ ಇಲ್ಲಿಯ ದೊಡ್ಡವರಲ್ಲಿ ಅನೇಕರು ಸ್ಟಿಫ್ಟ್‌ನ ಅನ್ನದ ಋಣದವರು. ಖಗೋಳವಿಜ್ಞಾನಿ ಕೆಪ್ಲರ್ ಇಲ್ಲಿ ಓದಿದ. ಮುಂದೆ ತತ್ವಜ್ಞಾನಿಗಳಾದ ಹೆಗೆಲ್, ಶೆಲಿಂಗ್ ಮತ್ತು ಕವಿ ಹೆಲ್ಡರ್‌ಲಿನ್ ಒಂದೇ ಕೋಣೆಯಲ್ಲಿದ್ದರು. ಅನ್ನ ಉಂಡವರೆಲ್ಲ ಪಾದ್ರಿಗಳಾಗಲಿಲ್ಲ ಎಂಬುದು ಜಗತ್ತಿನ ಪುಣ್ಯ.

ನನಗೆ ಬೇಕಾದವರು ಬೇರೆ. ಹೆರ್ಮನ್ ಮೆಗ್ಲಿಂಗ್ ಟ್ಯೂಬಿಂಗೆನ್‌ನಲ್ಲಿ ದೇವತಾಶಾಸ್ತ್ರ ಓದಿ 1836ರ ಕೊನೆಗೆ ಮಂಗಳೂರಿಗೆ ಬಂದರು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದರು. ಆ ದಿನವನ್ನೇ ನಾವು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ದಾಸರ ಪದಗಳು, ಬಸವ ಪುರಾಣ, ಜೈಮಿನಿ ಭಾರತ ಎಂದು ಒಂದೊಂದಾಗಿ ಅಚ್ಚು ಹಾಕಿಸಿದರು. ಆ ಕೆಲಸಕ್ಕೆ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಇದೇ ವಿಶ್ವವಿದ್ಯಾಲಯ. ಕಿಟೆಲ್ ಅವರಿಗೂ ಇದೇ ಕೊಟ್ಟಿತು, 1896ರಲ್ಲಿ. ಯೂರೋಪಿನ ಒಂದು ಸಣ್ಣ ಊರು ಕನ್ನಡದ ಕೆಲಸಕ್ಕೆ ಎರಡು ಸಲ ಗೌನು ಹೊದಿಸಿದೆ.

ಇದನ್ನೆಲ್ಲ ಬಾಗಿಲ ಮುಂದೆ ನಿಂತು ಉಪನ್ಯಾಸದಂತೆ ಹೇಳುತ್ತಿದ್ದಾಗ ಧಾರವಾಡದ ಹುಡುಗ ಮೆಲ್ಲಗೆ, “ಕಾಕೂ, ನಾನು ಪಿಯುಸಿ ಓದಿದ್ದು ಕಿಟೆಲ್ ಕಾಲೇಜಿನಲ್ಲಿ,” ಎಂದ. ಎರಡು ವರ್ಷದಿಂದ ಈ ಊರಿನಲ್ಲಿದ್ದಾನೆ. ಕಾಲೇಜಿನ ಹೆಸರಿನ ಮನುಷ್ಯ ಇಲ್ಲಿ ತಿರುಗಾಡಿದ್ದನೆಂದು ಅವನಿಗೆ ಇವತ್ತೇ ತಿಳಿದದ್ದು. ತಾಯಿಗೆ ಫೋನು ಮಾಡಿ ಹೇಳಿದ. ಆ ಕಡೆಯಿಂದ ಬಂದ ಪ್ರಶ್ನೆ ನನಗೂ ಕೇಳಿಸಿತು: “ಊಟ ಆಯಿತೇನಪ್ಪಾ?”

ಶನಿವಾರ

ಕೋಟೆಗೆ ಏರುವ ದಾರಿ ಹೊಟ್ಟೆ ಖಾಲಿಯಿದ್ದಾಗಲೇ ಸುಲಭ. ಹೊಹೆನ್‌ಟ್ಯೂಬಿಂಗೆನ್ ಕೋಟೆ ಈಗ ವಿಶ್ವವಿದ್ಯಾಲಯದ್ದು. ವಸ್ತುಸಂಗ್ರಹಾಲಯದಲ್ಲಿ ಬೃಹದ್ಗಜದ ದಂತದಲ್ಲಿ ಕೆತ್ತಿದ ಬೆರಳುದ್ದದ ಕುದುರೆಯಿದೆ. ಫೋಗೆಲ್‌ಹೆರ್ಡ್ ಗುಹೆಯಲ್ಲಿ ಸಿಕ್ಕಿದ್ದು, ವಯಸ್ಸು ಸುಮಾರು ನಲವತ್ತು ಸಾವಿರ ವರ್ಷ. ಗಾಜಿನ ಪೆಟ್ಟಿಗೆಗೆ ಮೂಗು ತಾಗಿಸಿ ನೋಡಿದೆ. ಕತ್ತಿನ ಬಾಗು ಇಂದಿನ ಶಿಲ್ಪಿಯದ್ದೆಂದರೂ ನಂಬಬಹುದು.

ಹುಡುಗಿಗೆ ತೋರಿಸಬೇಕಿದ್ದದ್ದು ಕೋಟೆಯ ಅಡುಗೆಮನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಜೀವರಸಾಯನದ ಪ್ರಯೋಗಾಲಯವಾಗಿತ್ತು. ಫೆಲಿಕ್ಸ್ ಹೊಪ್ಪೆ-ಸೈಲರ್ ರಕ್ತದ ಕೆಂಪು ವಸ್ತುವಿಗೆ ಹಿಮೊಗ್ಲೋಬಿನ್ ಎಂದು ಹೆಸರಿಟ್ಟದ್ದು ಇಲ್ಲಿ. ಅವನ ಬಳಿ ಬಂದ ಬಾಸೆಲ್‌ನ ಇಪ್ಪತ್ತರ ಹರೆಯದ ವೈದ್ಯ ಫ್ರೀಡ್ರಿಖ್ ಮಿಶರ್ ಆಸ್ಪತ್ರೆಯಿಂದ ಗಾಯದ ಪಟ್ಟಿಗಳನ್ನು ತರಿಸಿಕೊಂಡು, ಅದರ ಕೀವಿನ ಜೀವಕೋಶಗಳ ಕೇಂದ್ರದಿಂದ 1869ರಲ್ಲಿ ಹೊಸ ವಸ್ತುವೊಂದನ್ನು ಬೇರ್ಪಡಿಸಿ ನ್ಯೂಕ್ಲಿನ್ ಎಂದು ಕರೆದ. ಅದೇ ಇಂದಿನ ಡಿಎನ್‌ಎ. ಕೀವಿನಲ್ಲೇ ಏಕೆಂದರೆ, ಅದರ ಬಿಳಿ ರಕ್ತಕಣಗಳು ಬಿಡಿಬಿಡಿಯಾಗಿ ಧಾರಾಳ ಸಿಗುತ್ತಿದ್ದವು, ಅವುಗಳ ಕೇಂದ್ರವೂ ದೊಡ್ಡದು. ಹುಡುಗಿ ಇದನ್ನು ವಿವರಿಸುವಾಗ ಅವಳ ಕಣ್ಣು ನೋಡಬೇಕಿತ್ತು. ಊಟಕ್ಕೆ ಮುಂಚೆ ಬೇಡವಿತ್ತು ಎಂದು ತಲಶ್ಶೇರಿಯ ಹುಡುಗಿ ಗೊಣಗಿದಳು.

ಶನಿವಾರದ ಊಟ ಹೊಲ್ಟ್ಸ್‌ಮಾರ್ಕ್ಟ್ ಚೌಕದಲ್ಲಿ, ಸ್ಟಿಫ್ಟ್ ಚರ್ಚಿನ ಮೆಟ್ಟಿಲುಗಳ ಮೇಲೆ. ಈ ಮೆಟ್ಟಿಲು ಊರಿನ ನಡುಮನೆ. ಹದಿನೈದನೆಯ ಶತಮಾನದ ಚರ್ಚು, ಒಳಗೆ ವುರ್ಟೆಂಬೆರ್ಗ್ ಅರಸರ ಸಮಾಧಿಗಳು. ಹೊರಗೆ ಅದಕ್ಕೆ ಬೆನ್ನು ಹಾಕಿ ಕುಳಿತು ನೂಡಲ್ಸ್, ಫಲಾಫೆಲ್, ಡೋನರ್ ತಿನ್ನುವ ನೂರಾರು ಹುಡುಗ ಹುಡುಗಿಯರು. ಚರ್ಚಿನವರು ಓಡಿಸುವುದಿಲ್ಲ. ನಮ್ಮಲ್ಲಿ ದೇವಸ್ಥಾನದ ಮೆಟ್ಟಿಲಲ್ಲಿ ಈರುಳ್ಳಿ ಹಾಕಿದ ಊಟ ಬಿಚ್ಚಿದರೆ ಏನಾಗುತ್ತಿತ್ತೆಂದು ಯೋಚಿಸಿ ಸುಮ್ಮನಾದೆ.

ಗಮನ ಸೆಳೆದದ್ದು ಕೈಗಳಲ್ಲಿದ್ದ ಪಾತ್ರೆಗಳು. ನಮ್ಮ ಹುಡುಗಿ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ಅಂಗಡಿಯವನ ಕೈಗೆ ಕೊಟ್ಟಳು, ಅವನು ಒಂದು ಮಾತೂ ಆಡದೆ ಅದರಲ್ಲೇ ಅನ್ನ, ಕಡಲೆ, ಬದನೆ ತುಂಬಿಸಿ ಕೊಟ್ಟ. ಅಕ್ಕನ ಮನೆಯ ಡಬ್ಬಿ ಅದು, ಮುಚ್ಚಳದ ಮೇಲೆ ಅವಳ ಅಜ್ಜಿಯ ಹೆಸರು ಕೊರೆಸಿದೆ. ಈ ಊರಿನಲ್ಲಿ 2022ರ ಜನವರಿ 1ರಿಂದ ಪೊಟ್ಟಣ ತೆರಿಗೆ ಇದೆ: ಬಳಸಿ ಬಿಸಾಡುವ ಲೋಟಕ್ಕೆ 50 ಸೆಂಟ್, ಊಟದ ಪೆಟ್ಟಿಗೆಗೆ 50 ಸೆಂಟ್, ಚಮಚ ಮುಳ್ಳುಚಮಚಕ್ಕೆ 20 ಸೆಂಟ್. ಊಟವೊಂದಕ್ಕೆ ಒಂದೂಕಾಲು ಯೂರೊ ಹತ್ತಿರ ಬಂದರೆ ಯಾವ ವಿದ್ಯಾರ್ಥಿ ಸುಮ್ಮನಿರುತ್ತಾನೆ? ಮೇಯರ್ ಬೊರಿಸ್ ಪಾಲ್ಮರ್ ಪಟ್ಟು ಹಿಡಿದು ತಂದ ಈ ತೆರಿಗೆಯನ್ನು ಬರ್ಗರ್ ಅಂಗಡಿಯವರೊಬ್ಬರು ನ್ಯಾಯಾಲಯಕ್ಕೆ ಎಳೆದರು. ಮನ್‌ಹೈಮ್‌ನಲ್ಲಿ ಊರು ಸೋತಿತು, ಲೈಪ್ಸಿಗ್‌ನಲ್ಲಿ ಗೆದ್ದಿತು, ಕೊನೆಗೆ 2025ರ ಜನವರಿಯಲ್ಲಿ ಕಾರ್ಲ್ಸ್‌ರುಹೆಯ ಸಾಂವಿಧಾನಿಕ ನ್ಯಾಯಾಲಯ ತೆರಿಗೆ ಸರಿ ಎಂದಿತು. ದೇಶದ ಅತ್ಯುನ್ನತ ನ್ಯಾಯಾಧೀಶರು ಕಾಗದದ ಲೋಟವೊಂದರ ಬಗ್ಗೆ ತಲೆ ಕೆಡಿಸಿಕೊಂಡದ್ದು ನನಗೆ ಮೆಚ್ಚುಗೆಯಾಯಿತು. ಡಬ್ಬಿ ಮರೆತವರಿಗೆ ಠೇವಣಿ ಲೋಟಗಳಿವೆ. ಠೇವಣಿ ಇಟ್ಟು ಒಯ್ಯುವುದು, ಈ ಏರ್ಪಾಟಿನಲ್ಲಿ ಸೇರಿದ ಯಾವ ಅಂಗಡಿಗಾದರೂ ಹಿಂತಿರುಗಿಸಿ ಹಣ ಪಡೆಯುವುದು.

“ಊರಿನಲ್ಲಿದ್ದಾಗ ಡಬ್ಬಿ ಒಯ್ಯಲು ನಾಚಿಕೆ ಎನ್ನುತ್ತಿದ್ದೆಯಲ್ಲ?” ಎಂದೆ.

“ಅಲ್ಲಿ ಅಮ್ಮ ಹೇಳುತ್ತಿದ್ದಳು, ಇಲ್ಲಿ ನಗರಸಭೆ ಹೇಳುತ್ತದೆ ಚಿಕ್ಕಮ್ಮ,” ಎಂದಳು. ಅಕ್ಕನಿಗೆ ಈ ಮಾತು ತಲುಪಿಸಿಲ್ಲ.

ಮೆಟ್ಟಿಲಿನ ಎದುರಿಗೇ ಹೆಕ್ಕೆನ್‌ಹೌವರ್ ಎಂಬ ಹಳೆಯ ಪುಸ್ತಕದಂಗಡಿ. ಕಾದಂಬರಿಕಾರ ಹೆರ್ಮನ್ ಹೆಸ್ಸೆ 1895ರಿಂದ 1899ರವರೆಗೆ ಅಲ್ಲಿ ಪುಸ್ತಕ ಜೋಡಿಸಿ, ಕಟ್ಟು ಕಟ್ಟಿ ಕೆಲಸ ಕಲಿತ. ಅವನ ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ಅಜ್ಜ ಹೆರ್ಮನ್ ಗುಂಡರ್ಟ್ ಮಲಯಾಳಕ್ಕೆ ನಿಘಂಟು, ವ್ಯಾಕರಣ ಕೊಟ್ಟವರು, ಅವರೂ ಇದೇ ಟ್ಯೂಬಿಂಗೆನ್ನಿನಲ್ಲಿ ಓದಿದವರು. ಈ ವಿಷಯ ಬಂದದ್ದೇ ತಡ, ತಲಶ್ಶೇರಿಯವಳು ಫಲಾಫೆಲ್ ಕೆಳಗಿಟ್ಟಳು. ಗುಂಡರ್ಟ್ ಹೆಸರಿನಲ್ಲಿ ಇಲ್ಲಿ ಮಲಯಾಳದ ಅಧ್ಯಯನ ಪೀಠವಿದೆ, ವಿಶ್ವವಿದ್ಯಾಲಯದ ಗ್ರಂಥಾಲಯ ಅವರ ಸಂಗ್ರಹವನ್ನೆಲ್ಲ ಅಂತರಜಾಲದಲ್ಲಿ ಬಿಡಿಸಿಟ್ಟಿದೆ. “ನಿಮ್ಮ ಕಿಟೆಲ್‌ಗೆ ಏನಿದೆ?” ಎಂದು ಕೇಳಿದಳು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಪ್ರತಿಮೆ ಇದೆ ಎಂದ ನಮ್ಮ ಹುಡುಗ. ಪ್ರತಿಮೆಯ ಕೆಳಗೆ ಯಾರಾದರೂ ಕನ್ನಡ ಕಲಿಯುತ್ತಾರೆಯೇ ಎಂದು ಅವಳು. ನಾನು ನಡುವೆ ಬಾಯಿ ಹಾಕಲಿಲ್ಲ. ಈ ಜಗಳದಲ್ಲಿ ಅವಳ ಕಡೆಗೇ ನ್ಯಾಯವಿತ್ತು.

ಹಿಂತಿರುಗುವಾಗ ಮುಂಟ್ಸ್‌ಗಾಸ್ಸೆ ಓಣಿಯಲ್ಲಿ ಪ್ರಕಾಶಕ ಕೊಟ್ಟಾನ ಮನೆ. 1797ರಲ್ಲಿ ಜರ್ಮನ್ ಮಹಾಕವಿ ಗಯಟೆ ಅಲ್ಲಿ ಉಳಿದಿದ್ದನೆಂದು ಫಲಕ ಹೇಳುತ್ತದೆ. ಪಕ್ಕದ ವಿದ್ಯಾರ್ಥಿ ನಿಲಯದವರು ತಮ್ಮ ಗೋಡೆಗೂ ಒಂದು ಫಲಕ ಹಾಕಿಕೊಂಡಿದ್ದಾರೆ: ಗಯಟೆ ವಾಂತಿ ಮಾಡಿಕೊಂಡದ್ದು ಇಲ್ಲಿ ಎಂದು. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರೇ ಹೆಚ್ಚು.

ಭಾನುವಾರ

ಭಾನುವಾರ ಈ ದೇಶ ಅಂಗಡಿ ತೆರೆಯುವುದಿಲ್ಲ. ಬುತ್ತಿ ಕಟ್ಟಿದರೆ ಊಟ, ಇಲ್ಲದಿದ್ದರೆ ದುಬಾರಿ ಹೋಟೆಲು. ಬೆಳಿಗ್ಗೆ ವಸತಿಗೃಹದ ಸಾಮೂಹಿಕ ಅಡುಗೆಮನೆಯನ್ನು ನನ್ನ ವಶಕ್ಕೆ ತೆಗೆದುಕೊಂಡೆ. ಚಿತ್ರಾನ್ನ, ಮೂಲಂಗಿ ಹಾಕಿದ ಮೊಸರುಬಜ್ಜಿ, ಹುರಿದ ಹಪ್ಪಳ. ಸಾಸಿವೆ ಸಿಡಿದ ಘಾಟಿಗೆ ಹೊಗೆಯ ಎಚ್ಚರಿಕೆ ಗಂಟೆ ಹೊಡೆದುಕೊಳ್ಳಬಹುದೆಂದು ಹುಡುಗಿ ಕಿಟಕಿಗಳನ್ನೆಲ್ಲ ತೆರೆದು, ಒಂದು ರಟ್ಟು ಹಿಡಿದು ಬೀಸುತ್ತ ನಿಂತಿದ್ದಳು. ಗಂಟೆ ಹೊಡೆಯಲಿಲ್ಲ, ಆದರೆ ವಾಸನೆಗೆ ಆರು ಕೋಣೆಯವರೂ ಇಣುಕಿದರು. ಅಕ್ಕಿ ಇನ್ನೊಂದು ಪಾವು ಹೆಚ್ಚಿಗೆ ಹಾಕಿದೆ.

ದಾರಿ ಕೋಟೆಯ ಹಿಂದಿನ ಬೆಟ್ಟದ ಏಣಿನ ಮೇಲೆ ಪಶ್ಚಿಮಕ್ಕೆ, ವುರ್ಮ್‌ಲಿಂಗೆನ್ನಿನ ಗುಡ್ಡದ ಮೇಲಿನ ಪ್ರಾರ್ಥನಾಮಂದಿರದವರೆಗೆ. ಬೀಚ್, ಓಕ್ ಮರಗಳ ಕಾಡು, ಅಲ್ಲಲ್ಲಿ ಕಲ್ಲಿನ ಕಟ್ಟೆಗಳ ಹಳೆಯ ದ್ರಾಕ್ಷಿ ತೋಟ. ನಿಧಾನವಾಗಿ ನಡೆದರೆ ಎರಡು ಗಂಟೆ, ನನ್ನ ಮೊಣಕಾಲಿಗೆ ಇನ್ನೂ ಸ್ವಲ್ಪ. ಮೇಲೆ ಹತ್ತಿದರೆ ಒಂದು ಬದಿಗೆ ನೆಕ್ಕರ್ ಕಣಿವೆ, ಇನ್ನೊಂದು ಬದಿಗೆ ಅಮ್ಮರ್ ಹೊಳೆಯ ಬಯಲು, ದೂರದಲ್ಲಿ ಮಸೂರದ ಆ ಬೆಟ್ಟಸಾಲು. ಗಾಳಿ ಜೋರಾಗಿತ್ತು, ಹಪ್ಪಳವೊಂದು ಹಾರಿಯೇ ಹೋಯಿತು.

ಗೋಡೆಯ ಮರೆಯಲ್ಲಿ ಡಬ್ಬಿ ಬಿಚ್ಚಿದೆವು. ಸ್ವಾಬಿಯದ ಹುಡುಗಿ ಮನೆಯಿಂದ ಮೌಲ್‌ಟಾಷನ್ ತಂದಿದ್ದಳು, ಪಾಲಕ್ ಸೊಪ್ಪು ತುಂಬಿದ ದೊಡ್ಡ ಹಿಟ್ಟಿನ ಕಡುಬು. ಉಪವಾಸದ ದಿನಗಳಲ್ಲಿ ಮೌಲ್‌ಬ್ರೊನ್ ಮಠದ ಸನ್ಯಾಸಿಗಳು ದೇವರಿಗೆ ಕಾಣದಿರಲಿ ಎಂದು ಮಾಂಸವನ್ನು ಸೊಪ್ಪಿನೊಂದಿಗೆ ಕೊಚ್ಚಿ ಹಿಟ್ಟಿನೊಳಗೆ ಅಡಗಿಸಿದರಂತೆ. ಕಥೆ ಅಷ್ಟೇ, ಆದರೆ ದೇವತಾಶಾಸ್ತ್ರ ಓದುವವಳ ಬಾಯಲ್ಲಿ ಕೇಳಲು ಚೆನ್ನಾಗಿತ್ತು. ನಮಗಾಗಿ ತಂದದ್ದರಲ್ಲಿ ಅಡಗಿಸಿದ್ದೇನೂ ಇಲ್ಲ ಎಂದು ಆಣೆ ಮಾಡಿದಳು. ಚಿತ್ರಾನ್ನವನ್ನು ಅವಳು ಎರಡು ಸಲ ಹಾಕಿಸಿಕೊಂಡು, ಕಡಲೆಬೇಳೆ ಹಲ್ಲಿಗೆ ಸಿಕ್ಕಾಗಲೆಲ್ಲ ಇದೇನು ಎಂದು ಕೇಳುತ್ತಿದ್ದಳು. ಒಗ್ಗರಣೆಯ ಬಗ್ಗೆ ಹುಡುಗರು ಕೊಟ್ಟ ವಿವರಣೆಯಲ್ಲಿ ರಸಾಯನಶಾಸ್ತ್ರ ಹೆಚ್ಚಾಯಿತು. ಎಣ್ಣೆ ಕಾಯುವುದನ್ನು ಕಾಯಬೇಕು, ಉಳಿದದ್ದು ಸಾಸಿವೆಯೇ ಹೇಳುತ್ತದೆ ಎಂದೆ ನಾನು.

ಊಟದ ನಡುವೆ ಹಣದ ಲೆಕ್ಕ ಶುರುವಾಯಿತು. ವಾರದ ಖರ್ಚನ್ನೆಲ್ಲ ಇವರು ಮೊಬೈಲಿನಲ್ಲಿ ಬರೆದಿಟ್ಟು, ಬ್ರೆಟ್ಸೆಲಿನ ಬೆಣ್ಣೆಯವರೆಗೆ ಸೆಂಟು ಸೆಂಟಾಗಿ ಹಂಚಿಕೊಳ್ಳುತ್ತಾರೆ. ನನ್ನ ಹೆಸರನ್ನೂ ಪಟ್ಟಿಗೆ ಸೇರಿಸಿ, ನನಗೆ ಹದಿನಾಲ್ಕು ಯೂರೊ ಬರಬೇಕೆಂದು ತಲಶ್ಶೇರಿಯವಳು ಘೋಷಿಸಿದಳು. ಹಿರಿಯಳಾದ ನಾನು ಮಕ್ಕಳಿಂದ ಅಕ್ಕಿಯ ದುಡ್ಡು ತೆಗೆದುಕೊಳ್ಳುವುದೇ? ಸಾಧ್ಯವಿಲ್ಲ ಎಂದೆ. ಲೆಕ್ಕ ಸರಿಹೊಂದದಿದ್ದರೆ ಪಟ್ಟಿ ಮುಗಿಯುವುದೇ ಇಲ್ಲ ಎಂದು ಅವಳು. ಧಾರವಾಡದ ಹುಡುಗ ಇಬ್ಬರ ನಡುವೆ ಸಂಧಾನಕ್ಕೆ ಬಂದು, ಕಾಕೂ ಅವರ ಪಾಲನ್ನು ಪ್ರವಾಸಿ ದೇಣಿಗೆ ಎಂದು ಬರೆಯೋಣ ಎಂದ. ಸ್ವಾಬಿಯದವರು ಜಿಪುಣರೆಂದು ಜರ್ಮನಿಯಲ್ಲೆಲ್ಲ ನಗೆಯಾಡುತ್ತಾರಂತೆ, ಆದರೆ ಅಂದು ಲೆಕ್ಕದ ಗೋಜಿಗೆ ಹೋಗದೆ ಸುಮ್ಮನೆ ತಿನ್ನುತ್ತಿದ್ದವಳು ಆ ಹಳ್ಳಿಯ ಹುಡುಗಿಯೊಬ್ಬಳೇ.

ಇಳಿದು ಬಸ್ಸು ಹಿಡಿದು ಪೇಟೆಗೆ ಬಂದಾಗ ಐಸ್‌ಕ್ರೀಮ್ ಅಂಗಡಿ ಮಾತ್ರ ತೆರೆದಿತ್ತು, ಸಾಲು ಓಣಿಯ ತಿರುವಿನವರೆಗೆ. ಇದು ನನ್ನದು, ಯಾರೂ ಮೊಬೈಲು ತೆಗೆಯಬಾರದು ಎಂದು ಮೊದಲೇ ಹೇಳಿದೆ. ಒಪ್ಪಿದರು. ನಾನು ಎರಡು ಉಂಡೆ, ಬಟ್ಟಲಿನಲ್ಲಿ ಎಂದೆ. ನಾಲ್ವರೂ ಒಟ್ಟಿಗೆ ತಿರುಗಿ ನೋಡಿದರು. “ಕೋನ್ ತೆಗೆದುಕೊಳ್ಳಿ ಚಿಕ್ಕಮ್ಮ, ಬಟ್ಟಲಿಗೆ ಐವತ್ತು ಸೆಂಟ್,” ಎಂದಳು ಹುಡುಗಿ. ನನಗೆ ಕೋನ್ ಹಿಡಿಸುವುದಿಲ್ಲ, ಕೈಗೆಲ್ಲ ಸೋರುತ್ತದೆ. ಅವಳು ಚೀಲದಿಂದ ಚಿತ್ರಾನ್ನದ ಡಬ್ಬಿ ತೆಗೆದು, ಪಕ್ಕದ ಕಾರಂಜಿಯಲ್ಲಿ ತೊಳೆದು, ಅಂಗಡಿಯವನ ಮುಂದಿಟ್ಟಳು. ಪಿಸ್ತಾ ಐಸ್‌ಕ್ರೀಮಿಗೆ ಕೊನೆಯವರೆಗೂ ನಿಂಬೆ ಮತ್ತು ಇಂಗಿನ ವಾಸನೆಯಿತ್ತು, ಆದರೂ ಖಾಲಿ ಮಾಡಿದೆ.